ಜ್ವರ ಬಾರದ ದಿನಗಳು

ಜನವರಿ 19, ಸೋಮವಾರ

ಆಸ್ಪತ್ರೆಯಲ್ಲಿ ಕ್ಯಾನ್ಸರ್ ಔಷಧ ಬೆರೆಸುವ ಕೋಣೆಗೆ ಸೇರಿ ಹನ್ನೊಂದು ವರ್ಷವಾಯಿತು, ಅದರ ಉಸ್ತುವಾರಿ ನನ್ನ ಕೈಗೆ ಬಂದು ಆರು. ಔಷಧದ ಚೀಲಗಳಿಗೆ ಅಂಟಿಸುವ ಚೀಟಿಗಳಲ್ಲಿ ಎಷ್ಟು ಸಾವಿರ ಹೆಸರು ಓದಿದ್ದೇನೋ, ಒಂದೂ ನೆನಪಿಲ್ಲ. ಇವತ್ತು ಪಟ್ಟಿಯಲ್ಲಿ ಅತ್ತೆಯ ಹೆಸರು ಬಂತು. ಬರುತ್ತದೆಂದು ಗೊತ್ತಿತ್ತು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದವಳೂ ನಾನೇ. ಆದರೂ ಆ ಸಾಲನ್ನು ಮೂರು ಸಲ ಓದಿದೆ. ಊಟದ ಡಬ್ಬಿ ತೆಗೆಯದೆ ಹಳೇ ರಿಜಿಸ್ಟರಿನ ಖಾಲಿ ಹಾಳೆಯಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ.

ಅತ್ತೆಯ ಬಲ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಎರಡು ಬಗೆಯ ಔಷಧ ಸೋತಿವೆ. ಉಳಿದಿರುವುದು ಇದೊಂದೇ, ಇನ್ನೂ ಪರೀಕ್ಷೆಯ ಹಂತದಲ್ಲಿರುವ ಹೊಸದು. ಡಾಕ್ಟರ್ ಬೆಳಿಗ್ಗೆ ಬಿಡಿಸಿ ಹೇಳಿದರು. ಕೊಬ್ಬಿನ ಗುಳ್ಳೆಗಳು, ಒಂದೊಂದೂ ಕೂದಲಿನ ದಪ್ಪದ ಮುನ್ನೂರರಲ್ಲಿ ಒಂದು ಪಾಲು. ಒಳಗೆ ವಿಷದಂಥ ಔಷಧ, ಹೊರಗೆ ಗಡ್ಡೆಯ ಜೀವಕೋಶಕ್ಕೆ ಮಾತ್ರ ಸಿಕ್ಕಿಕೊಳ್ಳುವ ಕೊಕ್ಕೆ. ಮೈಯೆಲ್ಲ ಹಾಳುಮಾಡದೆ ಗಡ್ಡೆಯ ಹತ್ತಿರ ಹೋಗಿ ಒಡೆಯಬೇಕು ಎನ್ನುವುದು ಲೆಕ್ಕಾಚಾರ.

ಅತ್ತೆ ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ನೂರು ಗುಳ್ಳೆ ಕಳಿಸಿದರೆ ವಿಳಾಸಕ್ಕೆ ಎಷ್ಟು ತಲುಪುತ್ತವೆ ಎಂದು ಕೇಳಿದರು. ಡಾಕ್ಟರ್ ಸುಳ್ಳು ಹೇಳುವವರಲ್ಲ. ಒಂದೋ ಎರಡೋ, ಮಿಕ್ಕಿದ್ದನ್ನು ಹೆಚ್ಚಾಗಿ ಲಿವರ್ ಹಿಡಿದುಕೊಳ್ಳುತ್ತದೆ, ಆದರೆ ಆ ಒಂದೆರಡೇ ಸಾಕಾಗಬಹುದು ಎಂದರು.

"ನಮ್ಮ ಆಫೀಸಲ್ಲಿ ಹೀಗಾಗಿದ್ರೆ ನಮ್ಮನ್ನೆಲ್ಲ ಆವತ್ತೇ ಮನೆಗೆ ಕಳಿಸ್ತಿದ್ರು," ಅಂದರು ಅತ್ತೆ.

ಡಾಕ್ಟರ್ ನಕ್ಕರು. ನನ್ನ ಯಜಮಾನರು ಮಾತ್ರ ತಾಯಿಯ ಮುಖ ನೋಡದೆ ಕಿಟಕಿ ನೋಡುತ್ತಿದ್ದರು. ನೀರಿನ ಪಂಪ್‌ಹೌಸಿನಲ್ಲಿ ಆಳೆತ್ತರದ ಯಂತ್ರಗಳನ್ನು ಪಳಗಿಸುವ ಮನುಷ್ಯ, ಆಸ್ಪತ್ರೆಯಲ್ಲಿ ಮೂಗಿನ ಮೇಲೆ ಕರವಸ್ತ್ರ ಹಿಡಿದು ಕೂರುತ್ತಾರೆ. ಇನ್ನು ಮನೆಯಲ್ಲಿ ಹೆದರುವ ಕೆಲಸಕ್ಕೆ ಯಾರನ್ನಾದರೂ ನೇಮಿಸಿದ್ದರೆ ಅದು ನನ್ನನ್ನೇ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿಲ್ಲ.

ಜನವರಿ 22, ಗುರುವಾರ

ಮೊದಲ ಡೋಸ್ ಆಯಿತು. ಮನೆಯವರ ಔಷಧವನ್ನು ನಾವು ಮುಟ್ಟುವಂತಿಲ್ಲ, ಅದು ನಿಯಮ. ಕೋಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವಾಕೆ ಬೆರೆಸಿದಳು. ಗಾಜಿನ ಈಚೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಬೆರೆಸಿದ ಮೇಲೆ ಚೀಲಕ್ಕೆ ಡ್ರಿಪ್ ಸೆಟ್ಟಿನ ಕೊಳವೆ ಸಿಕ್ಕಿಸಿ, ಬೆಳಕು ಬೀಳದ ಹಾಗೆ ಚೀಲಕ್ಕೂ ಕೊಳವೆಗೂ ಕಂದು ಹೊದಿಕೆ ಹಾಕಿ ಕಳಿಸುವುದು ನಮ್ಮ ಪದ್ಧತಿ. ವಾರ್ಡಿನಲ್ಲಿ ಸೂಜಿಗೆ ಜೋಡಿಸಿದರಾಯಿತು.

ವಾರ್ಡಿನ ಸಿಸ್ಟರ್‌ಗೆ ಎಲ್ಲರೂ ಗಡಿಯಾರ ಸಿಸ್ಟರ್ ಎನ್ನುತ್ತೇವೆ, ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಡುತ್ತಾಳೆ. ಅತ್ತೆಯ ಡ್ರಿಪ್ ಐವತ್ತೆಂಟು ನಿಮಿಷಕ್ಕೆ ಮುಗಿಯಿತಂತೆ. ಪಕ್ಕದ ಕುರ್ಚಿಯಲ್ಲಿ ಉಣ್ಣೆಯ ಟೋಪಿ ಹಾಕಿದ ಟ್ಯಾಕ್ಸಿ ಡ್ರೈವರ್ ಇದ್ದಾರೆ, ಇದೇ ಔಷಧದ ಮೂರನೇ ಡೋಸ್ ಅವರದು. ಅತ್ತೆ ಒಂದೇ ಗಂಟೆಯಲ್ಲಿ ಅವರಿಗೆ ಟೋಪಿ ಮಾಮ ಎಂದು ಹೆಸರಿಟ್ಟು ಬಂದಿದ್ದಾರೆ, ಅವರಿಗಿಂತ ಎಂಟು ವರ್ಷ ದೊಡ್ಡವರಾಗಿ.

ಜನವರಿ 24, ಶನಿವಾರ

ಜ್ವರ ನೂರಾ ಎರಡು. ಅಂಗೈ ಅಂಗಾಲು ಕೆಂಪಗೆ ಉರಿ. ನೀರು ಕುಡಿದರೂ ವಾಂತಿ. ಸಿಸ್ಟರ್‌ಗೆ ಫೋನ್ ಮಾಡಿದೆ, ಈ ಔಷಧಕ್ಕೆ ಹೀಗಾಗುವುದುಂಟು, ಆದರೂ ರಕ್ತ ಪರೀಕ್ಷೆಗೆ ಕರೆದುಕೊಂಡು ಬನ್ನಿ ಎಂದಳು. ಮೂರನೇ ಮಹಡಿಯಿಂದ ಇಳಿಸುವಾಗ ಅತ್ತೆ ಪ್ರತಿ ತಿರುವಿನಲ್ಲೂ ಕೂತರು.

ಎಷ್ಟು ಒದ್ದಾಡಿದರೂ ಬೇಕು ಬೇಡ ಎನ್ನಲಿಲ್ಲ. ನಾನು ಹಣೆ ಒತ್ತಲು ಹೋದರೆ "ಬಿಡು, ನಿನಗೇನು ಕೆಲಸ ಇಲ್ವಾ" ಅಂದರು. ಅತ್ತೆ ಯಾರ ಹತ್ತಿರವೂ ಏನೂ ಕೇಳಿದವರಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯ, ಸಾಯುವುದನ್ನೂ ಹೇಳದೆ ಮಾಡಿಬಿಡುವ ಹೆಂಗಸು.

ಜನವರಿ 29, ಗುರುವಾರ

ಜ್ವರ ಬಿಟ್ಟಿತು. ಬೆರಳ ತುದಿ ಸುಲಿಯುತ್ತಿದೆ. ಅನ್ನದ ಮುಂದೆ ಕೂತರು, ಎದ್ದರು.

ಫೆಬ್ರವರಿ 9, ಸೋಮವಾರ

ಟೋಪಿ ಮಾಮನ ಸ್ಕ್ಯಾನ್ ಬಂದಿದೆ, ಮೂರು ಡೋಸಿಗೇ ಗಡ್ಡೆ ಕಾಲು ಭಾಗ ಕುಗ್ಗಿದೆಯಂತೆ. ಸುದ್ದಿ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಯಾರದೋ ಗಡ್ಡೆ ಕುಗ್ಗಿದ್ದಕ್ಕೆ ಸಾಮಾನು ಕೋಣೆಯಲ್ಲಿ ನಿಂತು ಅಳುವ ಉಸ್ತುವಾರಿ ಇನ್ನೆಲ್ಲಾದರೂ ಇದ್ದಾಳೋ ಇಲ್ಲವೋ.

ಸಾಮಾನು ಕೋಣೆಗೆ ಹೋಗಿದ್ದು ಬೇರೆ ಕಾರಣಕ್ಕೆ. ಹೊಸ ಔಷಧದ ಜೊತೆ ಬಂದಿದ್ದ ಡ್ರಿಪ್ ಸೆಟ್ಟುಗಳ ಪೆಟ್ಟಿಗೆ ಖಾಲಿಯಾಗಿದೆ, ಮುಂದಿನದು ದಾರಿಯಲ್ಲಿದೆಯಂತೆ. ಗುರುವಾರದ ಡೋಸ್ ತಪ್ಪಿಸುವ ಹಾಗಿಲ್ಲ. ನಮ್ಮಲ್ಲಿ ಫಿಲ್ಟರ್ ಇರುವ ಸೆಟ್ಟುಗಳು ಬೇಕಾದಷ್ಟಿವೆ, ಕೊಳವೆಯ ನಡುವೆ ನಾಣ್ಯದಷ್ಟು ಬಿಲ್ಲೆ, ಧೂಳಿರಲಿ ಕ್ರಿಮಿಯೂ ದಾಟುವುದಿಲ್ಲ. ಅವನ್ನೇ ತೆಗೆದಿರಿಸಿದೆ. ಸೋಸಿದ್ದು ಹೆಚ್ಚಾದರೆ ಯಾರಿಗೂ ಕೆಡುಕಿಲ್ಲ. ಕೋಣೆಯಲ್ಲಿ ನನ್ನನ್ನು ಬೆನ್ನ ಹಿಂದೆ ಸೋಸಮ್ಮ ಎನ್ನುತ್ತಾರೆ, ಗೊತ್ತಿದೆ. ಅನ್ನಲಿ, ಹನ್ನೊಂದು ವರ್ಷದಲ್ಲಿ ನನ್ನ ಕೋಣೆಯಿಂದ ಹೋದ ಚೀಲದಿಂದ ಯಾರಿಗೂ ಸೋಂಕು ತಗುಲಿಲ್ಲ.

ಫೆಬ್ರವರಿ 12, ಗುರುವಾರ

ಎರಡನೇ ಡೋಸ್. ಡ್ರಿಪ್ ಇಳಿಯಲು ಒಂದು ಗಂಟೆ ನಲವತ್ತೇಳು ನಿಮಿಷ. ವಯಸ್ಸಾದವರ ನರ, ಸಣ್ಣಗಾಗಿದೆ ಎಂದಳು ಸಿಸ್ಟರ್. ಅದಕ್ಕೂ ಹೆದರಿದೆ. ಹೆದರಲು ಏನು ಸಿಕ್ಕರೂ ಆಗುತ್ತದೆ ನನಗೆ. ಶನಿವಾರದ ಜ್ವರಕ್ಕೆ ಬೇಕಾಗುತ್ತದೆಂದು ಬಕೆಟ್ಟು, ಒದ್ದೆ ಬಟ್ಟೆ, ಮಾತ್ರೆ ಎಲ್ಲ ಮಂಚದ ಪಕ್ಕ ಜೋಡಿಸಿದ್ದೇನೆ.

ಫೆಬ್ರವರಿ 15, ಭಾನುವಾರ

ಜ್ವರ ಬರಲಿಲ್ಲ! ನಿನ್ನೆಯಿಡೀ ಗಂಟೆಗೊಮ್ಮೆ ಥರ್ಮಾಮೀಟರ್ ಹಿಡಿದು ಹೋದೆ, ತೊಂಬತ್ತೆಂಟು ಬಿಟ್ಟು ಅಲ್ಲಾಡಲಿಲ್ಲ. ಅಂಗೈ ಉರಿಯಿಲ್ಲ. ಇವತ್ತು ಬೆಳಿಗ್ಗೆ ಅತ್ತೆ ತಾವೇ ಎದ್ದು ಚಹಾ ಮಾಡಿಕೊಂಡು, ನಾನು ಮಾಡುವುದು ಚಹಾ ಅಲ್ಲ ಬಣ್ಣದ ನೀರು ಎಂದು ಮಗನಿಗೆ ಹೇಳುತ್ತಿದ್ದರು. ಆ ಕೊಂಕು ಕೇಳಿ ಜೀವ ಬಂದಂತಾಯಿತು.

ಮೈ ಔಷಧಕ್ಕೆ ಒಗ್ಗಿರಬೇಕು ಎಂದು ಡಾಕ್ಟರೂ ಫೋನಿನಲ್ಲಿ ಹೇಳಿದರು.

ಮಾರ್ಚ್ 5, ಗುರುವಾರ

ಮೂರನೇ ಡೋಸ್. ದಾರಿಯಲ್ಲಿದ್ದ ಸೆಟ್ಟುಗಳ ಪೆಟ್ಟಿಗೆ ಇನ್ನೂ ಬಂದಿಲ್ಲ. ಒಂದು ಗಂಟೆ ಐವತ್ತೆರಡು ನಿಮಿಷ. ಸಿಸ್ಟರ್ ಮುಖ ಗಂಟು ಹಾಕಿಕೊಂಡು ಬರೆದಳು. ಟೋಪಿ ಮಾಮನದೂ ಅಷ್ಟೇ ಹೊತ್ತು ಹಿಡಿಯಿತಂತೆ. ಅವರು ತುಂಬ ಕೆಮ್ಮುತ್ತಿದ್ದರು.

ಮಾರ್ಚ್ 8, ಭಾನುವಾರ

ಈ ಸಲವೂ ಜ್ವರವಿಲ್ಲ. ಅತ್ತೆ ಬಸ್ಸಿನಲ್ಲಿ ಹೋಗೋಣ ಎಂದು ಹಟ ಹಿಡಿದು ನಮ್ಮಿಬ್ಬರನ್ನೂ ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಕಲ್ಲುಬೆಂಚಿನ ಮೇಲೆ ಕೂತು ಎರಡು ಕಿತ್ತಳೆ ತಿಂದರು. ಹಿಂದೆ ಕಚೇರಿಯಲ್ಲಿ ಒಬ್ಬಾತ ಪ್ರತಿ ತಿಂಗಳೂ ತನಗೆ ತಾನೇ ಕಾಗದ ಬರೆದುಕೊಳ್ಳುತ್ತಿದ್ದ, ಅದನ್ನು ಕೊಡಲು ತಾವು ಬೇಕೆಂದೇ ಎರಡು ದಿನ ತಡಮಾಡುತ್ತಿದ್ದರಂತೆ, ಕಾಯುವುದಾದರೂ ಇರಲಿ ಪಾಪ ಎಂದು. ಇವರು ಹೊಟ್ಟೆ ಹಿಡಿದು ನಕ್ಕರು. ಗಂಡ ಹಾಗೆ ನಕ್ಕಿದ್ದು ನೋಡಿ ಯಾವ ಕಾಲವಾಯಿತೋ.

ವಾಪಸ್ ಬಂದಾಗ ಅತ್ತೆ ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿದರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, ನಿನ್ನ ಔಷಧ ಒಳ್ಳೇದು ಕಣೇ, ಅಂದರು. ಹತ್ತೊಂಬತ್ತು ವರ್ಷದಲ್ಲಿ ನನ್ನದು ಯಾವುದನ್ನಾದರೂ ಒಳ್ಳೆಯದು ಎಂದಿದ್ದು ಇದೇ ಮೊದಲು.

ಹೆದರಿಕೆ ಪೂರ್ತಿ ಹೋಗಿಲ್ಲ. ಇಷ್ಟು ಚೆನ್ನಾಗಿರುವುದೂ ಒಂಥರಾ ಭಯವೇ.

ಮಾರ್ಚ್ 16, ಸೋಮವಾರ

ಟೋಪಿ ಮಾಮನ ಕೆಮ್ಮಿನಲ್ಲಿ ರಕ್ತ ಕಂಡು ಬೇಗನೇ ಸ್ಕ್ಯಾನ್ ಮಾಡಿದ್ದಾರೆ. ಕುಗ್ಗಿದ್ದ ಗಡ್ಡೆ ಮೊದಲಿಗಿಂತ ದೊಡ್ಡದಾಗಿದೆ. ಔಷಧ ಇನ್ನು ನಾಟುತ್ತಿಲ್ಲವೆಂದು ನಿಲ್ಲಿಸಿ ಮನೆಗೆ ಕಳಿಸಿದರು. ಪರೀಕ್ಷೆಯ ನಿಯಮವೇ ಹಾಗೆ, ಗಡ್ಡೆ ಬೆಳೆದರೆ ಔಷಧ ಬಂದ್. ಲಿಫ್ಟಿನ ಹತ್ತಿರ ಅವರ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ಹಾಕಿಕೊಳ್ಳುವುದು ಮರೆತು.

ಅತ್ತೆಯ ಸ್ಕ್ಯಾನ್ ಗುರುವಾರ.

ಮಾರ್ಚ್ 17, ಮಂಗಳವಾರ

ಬರೆಯಲು ಆಗುತ್ತಿಲ್ಲ. ಆದರೂ ಬರೆಯಬೇಕು.

ಇವತ್ತು ಇನ್ನೊಬ್ಬ ರೋಗಿಗೆ ಇದೇ ಔಷಧ. ಹನ್ನೊಂದೂವರೆಗೆ ಗಡಿಯಾರ ಸಿಸ್ಟರ್ ಫೋನ್ ಮಾಡಿ, ಡ್ರಿಪ್ ನಿಂತೇ ಹೋಗಿದೆ, ಬಂದು ನೋಡಿ ಎಂದಳು. ಕೊಳವೆ ಎಲ್ಲಿ ಮಡಚಿದೆಯೋ ನೋಡಲು ಕಂದು ಹೊದಿಕೆ ಸುಲಿದಿದ್ದಳು. ಬಿಲ್ಲೆಯ ಮೇಲಿನ ಕೊಳವೆಯಲ್ಲಿ ಔಷಧ ಮಬ್ಬಾಗಿತ್ತು, ಅಕ್ಕಿ ತೊಳೆದ ನೀರಿನ ಹಾಗೆ. ಬಿಲ್ಲೆಯ ಕೆಳಗೆ ಬರೀ ನೀರು. ಸ್ವಚ್ಛ, ತಿಳಿ ನೀರು. ಬಿಲ್ಲೆಯೊಳಗೆ ಬೆಳ್ಳಗೆ ಕೆನೆ ಕಟ್ಟಿತ್ತು.

ಗುಳ್ಳೆಗಳು ಬಿಲ್ಲೆಯ ತೂತಿಗಿಂತ ದೊಡ್ಡವು. ದಾಟಲಾರವು. ಐದು ವಾರದಿಂದ ನಾನು ಔಷಧವನ್ನೆಲ್ಲ ಸೋಸಿ ಹಿಡಿದಿಟ್ಟು ರೋಗಿಗಳಿಗೆ ನೀರು ಕಳಿಸಿದ್ದೇನೆ.

ಸಿಸ್ಟರ್‌ಗೆ ಸೆಟ್ಟು ಕೆಟ್ಟಿದೆ ಎಂದೆ, ಪಕ್ಕದ ವಾರ್ಡಿನಿಂದ ಫಿಲ್ಟರ್ ಇಲ್ಲದ ಸೆಟ್ಟು ತಂದು ಬದಲಾಯಿಸಿದೆ. ಕೆಳಗೆ ಬಂದು ಔಷಧದ ಕೈಪಿಡಿ ತೆಗೆದೆ. ಹದಿನೇಳನೇ ಪುಟ, ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ: ಫಿಲ್ಟರ್ ಬಳಸಬಾರದು. ಪಕ್ಕದಲ್ಲಿ ಪೆನ್ಸಿಲಿನ ಸರಿ ಗುರುತು. ಡಿಸೆಂಬರಿನಲ್ಲಿ ಓದಿ ನಾನೇ ಹಾಕಿದ್ದು.

ಜ್ವರ ಬರಲಿಲ್ಲ ಎಂದು ಕುಣಿದಿದ್ದೆನಲ್ಲ. ಬರುವುದಾದರೂ ಯಾತಕ್ಕೆ, ಒಳಗೆ ಏನಾದರೂ ಹೋಗಿದ್ದರಲ್ಲವೇ.

ಮಾರ್ಚ್ 18, ಬುಧವಾರ

ಹೇಳಲಿಲ್ಲ.

ಫಿಲ್ಟರ್ ಸೆಟ್ಟುಗಳನ್ನೆಲ್ಲ ಆ ಕಪಾಟಿನಿಂದ ತೆಗೆದೆ. ಮುಂದೆ ಯಾರಿಗೂ ತಪ್ಪಾಗುವುದಿಲ್ಲ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ. ಕೆಲಸ ಹೋಗುತ್ತದೆ, ಹೋಗಲಿ. ಪೊಲೀಸರು ಬಂದರೆ? ಇವರು ಮುಖ ತಿರುಗಿಸಿದರೆ? ಜೊತೆಯಾಕೆ ಚಹಾ ತಂದಿಟ್ಟು, ಸ್ಕ್ಯಾನಿಗೆ ಇಷ್ಟು ಹೆದರಬಾರದು ಎಂದು ಬೆನ್ನು ಸವರಿದಳು. ಅವಳ ಮುಖ ನೋಡಲಾಗಲಿಲ್ಲ.

ಮಾರ್ಚ್ 19, ಗುರುವಾರ

ಅತ್ತೆಯ ಸ್ಕ್ಯಾನ್ ಆಯಿತು. ಕಾಯುವ ಹಾಲಿನಲ್ಲಿ, ಮಂಗಳವಾರ ಮೊದಲ ಡೋಸ್ ತೆಗೆದುಕೊಂಡು ನಲುಗಿದ್ದ ಹೆಂಗಸೊಬ್ಬಳಿಗೆ ಅತ್ತೆ ಧೈರ್ಯ ಹೇಳುತ್ತಿದ್ದರು. ಒಂದೇ ಸಲ ಕಷ್ಟ, ಆಮೇಲೆ ಏನೂ ಗೊತ್ತಾಗಲ್ಲ, ನನ್ನನ್ನೇ ನೋಡು ಎಂದು ತೋಳು ಚಾಚಿ ತೋರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು.

ಸ್ಕ್ಯಾನಿನಲ್ಲಿ ಏನು ಬರುತ್ತದೆಂದು ಈ ಕಟ್ಟಡದಲ್ಲಿ ಗೊತ್ತಿರುವವಳು ನಾನೊಬ್ಬಳೇ. ಬೆಳೆದಿರುತ್ತದೆ. ಔಷಧ ನಾಟಲಿಲ್ಲ ಎನ್ನುತ್ತಾರೆ. ಇದ್ದ ಒಂದೇ ಒಂದು ಔಷಧ ನಿಲ್ಲಿಸಿ ಮನೆಗೆ ಕಳಿಸುತ್ತಾರೆ. ಟೋಪಿ ಮಾಮನನ್ನು ಕಳಿಸಿದ ಹಾಗೆ. ಕಳಿಸಿದ್ದು ಡಾಕ್ಟರಲ್ಲ, ನಾನು.

ಮಾರ್ಚ್ 20, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಎಂಟಕ್ಕೆ, ಡಾಕ್ಟರ್ ಇನ್ನೂ ಕೋಟು ಹಾಕಿಕೊಳ್ಳುವ ಮೊದಲು. ಕೈಪಿಡಿ, ರಿಜಿಸ್ಟರ್, ಕೆನೆ ಕಟ್ಟಿದ ಆ ಬಿಲ್ಲೆ ಮೂರನ್ನೂ ಮೇಜಿನ ಮೇಲಿಟ್ಟೆ. ಡಾಕ್ಟರ್ ಬೈಯಲಿಲ್ಲ. ಒಂದು ಹಾಳೆ ಎಳೆದುಕೊಂಡು ರೋಗಿಗಳ ಹೆಸರು, ತಾರೀಖು ಕೇಳಿ ಕೇಳಿ ಬರೆದರು. ಐದು ಜನ. ಬರೆದು ಮುಗಿಸಿ ಪೆನ್ನು ಮುಚ್ಚಿದರು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಶುಕ್ರವಾರ, ಮೇಡಂ."

ಅಷ್ಟೇ ಅಂದಿದ್ದು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಹತ್ತು ಗಂಟೆಗೆ ಕೋಣೆಯ ಬೀಗದಕೈ ವಾಪಸ್ ಕೊಟ್ಟೆ. ವಿಚಾರಣೆ ಮುಗಿಯುವ ತನಕ ಆಸ್ಪತ್ರೆಯ ಉಗ್ರಾಣದಲ್ಲಿ ಹತ್ತಿ, ಬ್ಯಾಂಡೇಜು ಎಣಿಸುವ ಕೆಲಸ. ಐದೂ ಮನೆಗಳಿಗೆ ಆಸ್ಪತ್ರೆಯವರೇ ತಿಳಿಸುತ್ತಾರೆ. ನಮ್ಮ ಮನೆಗೆ ನಾನೇ ಹೇಳುತ್ತೇನೆ ಎಂದೆ.

ಸ್ಕ್ಯಾನ್ ಬಂತು. ಹನ್ನೊಂದು ಮಿಲಿಮೀಟರ್ ಬೆಳೆದಿದೆ.

ಮಾರ್ಚ್ 21, ಶನಿವಾರ

ಅತ್ತೆ ಅಡುಗೆಮನೆಯ ಮೇಜಿನ ಹತ್ತಿರ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಅರ್ಧದಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅತ್ತೆಯ ಕೈ ನಿಲ್ಲಲಿಲ್ಲ. ಬುಟ್ಟಿಯಲ್ಲಿದ್ದ ಕಾಯಿಯೆಲ್ಲ ಮುಗಿಸಿದರು.

"ಅಂದ್ರೆ ಹೊಳೆ ಹತ್ರ ಹೋದಾಗ ಅದು ಒಳಗೆ ಬೆಳೀತಾನೇ ಇತ್ತು."

"ಹೌದು ಅತ್ತೆ."

"ನಾನು ಔಷಧದಿಂದ ಚೆನ್ನಾಗಿದೀನಿ ಅಂದ್ಕೊಂಡಿದ್ದೆ. ಎಲ್ಲರ ಹತ್ರ ಹೇಳ್ಕೊಂಡು ಬಂದೆ."

ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಗುಳಿ ಹಾಕಿದ ಸದ್ದು ಕೇಳಿಸಿತು. ಕ್ಷಮಿಸಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಉರು ಹೊಡೆದಿದ್ದೆ, ಅದನ್ನೇ ಮರೆತಿದ್ದೆ.

ಮಾರ್ಚ್ 24, ಮಂಗಳವಾರ

ಅತ್ತೆ ಊಟಕ್ಕೆ ಬಿಟ್ಟರೆ ಕೋಣೆಯಿಂದ ಹೊರಗೆ ಬರುತ್ತಿಲ್ಲ. ಇವರು ಪಂಪ್‌ಹೌಸಿನಲ್ಲಿ ಎರಡು ಪಾಳಿ ಮಾಡುತ್ತಿದ್ದಾರೆ. ಡಾಕ್ಟರ್ ಫೋನ್ ಮಾಡಿದ್ದರು. ನೀರು ಹೋದ ಡೋಸುಗಳು ಲೆಕ್ಕಕ್ಕಿಲ್ಲ, ಔಷಧ ನಾಟಲಿಲ್ಲ ಎಂದು ಹೇಳಲು ಬರುವುದಿಲ್ಲ, ಅದರಿಂದ ಐವರಿಗೂ ಮುಂದುವರಿಸಬಹುದು ಎಂದು ಔಷಧ ಪರೀಕ್ಷೆಯ ಸಮಿತಿ ಒಪ್ಪಿದೆ. ಅತ್ತೆಗೆ ಇನ್ನು ಮೇಲೆ ಬರುವುದು ಎರಡನೇ ಡೋಸ್. ಬೇಕೋ ಬೇಡವೋ ಅವರೇ ಹೇಳಬೇಕು. ಬಾಗಿಲ ಹೊರಗೆ ನಿಂತು ಹೇಳಿದೆ.

ಮಾರ್ಚ್ 25, ಬುಧವಾರ

ಸಂಜೆ ಬಟ್ಟೆ ಮಡಚುತ್ತಿದ್ದೆ. ಅತ್ತೆ ಬಂದು ಮಂಚದ ಅಂಚಿನಲ್ಲಿ ಕೂತರು. ಒಂದು ಟವೆಲ್ ತೆಗೆದುಕೊಂಡು ತಾವೂ ಮಡಚಿದರು, ಮತ್ತೆ ಬಿಚ್ಚಿದರು.

"ಮೊದಲನೇ ಸಲ ಆಯ್ತಲ್ಲ, ಹಾಗೇ ಆಗುತ್ತಾ?"

ಆಗುತ್ತದೆ ಎಂದೆ. ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿಲ್ಲ.

"ಆವಾಗ ಏನು ಅಂತ ಗೊತ್ತಿರಲಿಲ್ಲ, ಧೈರ್ಯವಾಗಿ ಹೋಗಿ ಕೂತೆ. ಈಗ ಗೊತ್ತು. ನಂಗೆ ಭಯ ಆಗ್ತಿದೆ ಕಣೇ."

ಇಷ್ಟು ವರ್ಷ ನೋಡಿದ ಅತ್ತೆ ಇವರೇನಾ ಅನ್ನಿಸಿತು. ಕಷ್ಟವಾದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಯಾರೂ ಬಲವಂತ ಮಾಡುವಂತಿಲ್ಲ ಎಂದು ಹೇಳಿದೆ. ಹೇಳುವಾಗ ನನ್ನ ದನಿ ಸರಿಯಾಗಿಯೇ ಇತ್ತು. ನಾಳೆ ಪಕ್ಕದಲ್ಲಿ ಕೂರು, ಗಾಜಿನ ಹಿಂದೆ ಹೋಗಿ ನಿಲ್ಲಬೇಡ, ಅಂದರು. ನಿಲ್ಲಲು ನನಗೆ ಆ ಗಾಜೂ ಇಲ್ಲ ಈಗ.

ಇವರೂ ರಜೆ ಹಾಕಿ ಬರುತ್ತಾರಂತೆ. ನನಗಲ್ಲ, ತಾಯಿಗೆ ಹೇಳಿದರು.

ಮಾರ್ಚ್ 26, ಗುರುವಾರ

ಒಂದು ಗಂಟೆ ಎರಡು ನಿಮಿಷ. ಹೊದಿಕೆ ಸ್ವಲ್ಪ ಸರಿಸಿ ತೋರಿಸಲು ಕೇಳಿದೆ. ಗಡಿಯಾರ ಸಿಸ್ಟರ್ ನನ್ನ ಕಡೆ ನೋಡದೆಯೇ ಸರಿಸಿದಳು. ಚೀಲದಿಂದ ಸೂಜಿಯ ತನಕ ಮಬ್ಬು, ಒಂದೇ ಸಮ.

ಟೋಪಿ ಮಾಮ ಬಂದಿದ್ದರು. ಅರ್ಧ ಆಗಿಹೋಗಿದ್ದಾರೆ. ಹತ್ತಿರ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. ಅವರು ಎರಡು ಬೆರಳು ಎತ್ತಿ ತೋರಿಸಿದರು. ಎರಡು ಡೋಸ್. ಆಮೇಲೆ ಗೋಡೆಯ ಕಡೆ ಹೊರಳಿಕೊಂಡರು. ಅವರ ಹೆಂಡತಿ, ಹೋಗಿಮ್ಮಾ, ಅಂದರು. ವಾಪಸ್ ಬಂದು ಅತ್ತೆಯ ಪಕ್ಕ ಕೂತೆ.

ಮಾರ್ಚ್ 28, ಶನಿವಾರ

ಬೆಳಿಗ್ಗೆ ಏನೂ ಇರಲಿಲ್ಲ. ಹತ್ತಕ್ಕೆ ತೊಂಬತ್ತೆಂಟು, ಹನ್ನೆರಡಕ್ಕೂ ಅಷ್ಟೇ. ಅತ್ತೆ ಥರ್ಮಾಮೀಟರ್ ತೆಗೆದ ಪ್ರತಿ ಸಲ ನನ್ನ ಮುಖ ನೋಡುತ್ತಿದ್ದರು. ನಾನು ಅಂಕಿ ಮಾತ್ರ ಹೇಳಿ ಬರೆದಿಡುತ್ತಿದ್ದೆ. ಇವರು ಸುಮ್ಮನೆ ಹೊಸಿಲ ಮೇಲೆ ಕೂತಿದ್ದರು.

ಮೂರು ಗಂಟೆಯ ಹೊತ್ತಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಎನ್ನತೊಡಗಿತು. ಎರಡು ಕಂಬಳಿ ಹೊದಿಸಿ ಮತ್ತೆ ಥರ್ಮಾಮೀಟರ್ ಇಟ್ಟೆ. ಅಂಗೈ ಬಿಡಿಸಿ ನೋಡಿದೆ, ಕೆಂಪಾಗುತ್ತಿತ್ತು. ಗಡ್ಡೆಗೆ ಎಷ್ಟು ಮುಟ್ಟಿತೋ ಯಾರಿಗೂ ಗೊತ್ತಿಲ್ಲ, ತಿಳಿಯಲು ಇನ್ನೂ ಆರು ವಾರ ಬೇಕು. ಒಳಗೆ ಹೋಗಿರುವುದಂತೂ ನಿಜ.

"ಎಷ್ಟಿದೆ?" ಅಂದರು ಅತ್ತೆ.

"ನೂರಾ ಎರಡು."

ಕಣ್ಣು ಮುಚ್ಚಿಕೊಂಡರು. "ಸದ್ಯ," ಅಂದರು.

ಸಿಸ್ಟರ್‌ಗೆ ಫೋನ್ ಮಾಡಿದೆ, ರಕ್ತ ಪರೀಕ್ಷೆಗೆ ಐದಕ್ಕೆ ಬರಲು ಹೇಳಿದ್ದಾಳೆ, ಇವರು ಟ್ಯಾಕ್ಸಿ ಕರೆಯಲು ಹೋಗಿದ್ದಾರೆ. ಒಂದು ಸಲ ವಾಂತಿಯಾಯಿತು. ಇದನ್ನು ಮಂಚದ ಮೇಲೆ ಕೂತು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಇನ್ನೊಂದು ಕೈಯನ್ನು ಅತ್ತೆ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ.